ಐದು ನಕ್ಷತ್ರದ ದಿಬ್ಬ

ರಾತ್ರಿ ಹನ್ನೊಂದರ ಮೇಲೆ ದಿಂಬಿನ ಕೆಳಗೆ ಮೊಬೈಲು ಟಿಣ್ ಎಂದಿತು. ಅತ್ತೆ ಸೋಮವ್ವ ಎಚ್ಚರಾದಳೇನೋ ಎಂದು ಮಂಜುಳಾ ಉಸಿರು ಬಿಗಿಹಿಡಿದಳು. ಆಮೇಲೆ ಮ್ಯಾಪ್ ಆ್ಯಪ್ ಕಳಿಸಿದ್ದನ್ನು ಸೆರಗಿನ ಮರೆಯಲ್ಲಿ ಓದಿದಳು: 'ನೀವು ದಿನಾಲೂ ಜಾಲಿ ದಿಬ್ಬಕ್ಕೆ ಹೋಗುತ್ತೀರಿ. ನಿಮ್ಮೂರಿನ ಇನ್ನೂ ಮೂವತ್ತು ಜನ ಹೋಗುತ್ತಾರೆ. ಈ ಜಾಗ ಹೇಗಿದೆ?'

ಮನೆಯಲ್ಲಿ ಶೌಚಾಲಯವಿತ್ತು. ಅದರೊಳಗೆ ಹೊಟ್ಟಿನ ಚೀಲಗಳಿದ್ದವು. ಎಲ್ಲರ ಮನೆಯಲ್ಲೂ ಹಾಗೆಯೇ. ಹೀಗಾಗಿ ಹೆಂಗಸರು ನಸುಕಿನಲ್ಲಿ ಚರಿಗೆ ಹಿಡಿದು ದಿಬ್ಬಕ್ಕೆ ಹೋಗುತ್ತಿದ್ದರು. ಹಾವಿನ ಭಯಕ್ಕೆ ಇನ್ನೊಂದು ಕೈಯಲ್ಲಿ ಮೊಬೈಲಿನ ಟಾರ್ಚು. ಅದು ಬರೀ ದಾರಿ ತೋರಿಸುತ್ತದೆ ಎಂದೇ ಎಲ್ಲರೂ ನಂಬಿದ್ದರು.

ಉತ್ತರ ಕೊಡದಿದ್ದರೆ ಅದು ಮತ್ತೆ ಸದ್ದು ಮಾಡೀತು ಎಂದು ಮಂಜುಳಾಗೆ ಹೆದರಿಕೆ. ಬಿ.ಎ. ಓದಿದವಳು, ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಗುರುಗುಟ್ಟುವ ಅತ್ತೆ ಕೂಡ ನಗುವ ಜಾಗ ಅದೊಂದೇ. ಐದು ನಕ್ಷತ್ರ ಕೊಟ್ಟು ಬರೆದಳು: 'ಶಾಂತ ಜಾಗ. ಸೂರ್ಯ ಹುಟ್ಟುವ ಮೊದಲೇ ಹೋಗಬೇಕು. ಮನಸ್ಸು ಹಗುರಾಗುತ್ತದೆ.'

ಮುಂದಿನ ಭಾನುವಾರ ನಸುಕಿನಲ್ಲಿ ಕಾರಿನ ದೀಪ ನೇರ ದಿಬ್ಬದ ಮೇಲೆ ಬಿತ್ತು. ಹೆಂಗಸರೆಲ್ಲ ಒಮ್ಮೆಲೇ ಎದ್ದು ನಿಂತರು. ಕ್ಯಾಮೆರಾ ಹಿಡಿದು ಇಳಿದ ಬೆಂಗಳೂರಿನ ಯುವಕನಿಗೆ ಅದು ಸ್ವಾಗತದಂತೆ ಕಂಡಿತು.

"ಎಲ್ಲರ ಕೈಯಲ್ಲೂ ತಂಬಿಗೆ ಇದೆಯಲ್ಲ, ಸೂರ್ಯನಿಗೆ ಅರ್ಘ್ಯ ಕೊಡ್ತೀರಾ ಅಮ್ಮ?"

"ಹೌದ ತಮ್ಮಾ, ನೀನೂ ಒಂದ ಚರಿಗಿ ತರಬೇಕಿತ್ತಲ್ಲ," ಎಂದಳು ಸೋಮವ್ವ. "ಇಲ್ಲಿಗಿ ಬಾ ಅಂತ ಯಾರ ಹೇಳಿದ್ರು ನಿನಗ?"

"ಹೂಲಿ ದೇವಸ್ಥಾನಗಳಿಗೆ ಹೊರಟಿದ್ವಿ. ಮೊದಲು ಇದನ್ನ ನೋಡಿ ಅಂತ ಆ್ಯಪ್ ಹೇಳ್ತು. ನಿಮ್ಮೂರಿನವರೇ ಬರೆದಿದ್ದಾರೆ, ಕೇಳಿ." ಅವನು ಗಟ್ಟಿಯಾಗಿ ಓದಿದ. ಬರೆದವರ ಹೆಸರಿನ ಜಾಗದಲ್ಲಿ 'ಸ್ಥಳೀಯರೊಬ್ಬರು' ಎಂದಷ್ಟೇ ಇತ್ತು.

ಕಾರು ಹೋದ ಮೇಲೆ ಪಕ್ಕದ ಮನೆಯ ಇಂದ್ರವ್ವ ಕೇಳಿದಳು, "ನಾಳಿಂದ ಎಲ್ಲಿಗಿ ಹೋಗೂದವ್ವಾ?"

"ಹೊಟ್ಟಿನ ಚೀಲ ಹೊರಗ ಇಟ್ರ ಆತಲ್ರಿ," ಎಂದಳು ಮಂಜುಳಾ ಮೆಲ್ಲಗೆ.

"ಮಳಿ ಬಂದ್ರ? ಹೊಟ್ಟು ತೊಯ್ಯಂಗಿಲ್ಲೇನು?" ಸೋಮವ್ವ ಗದರಿದಳು. "ಮೊದಲ ಬರದಾಕಿನ್ನ ಹುಡುಕೂಣು. ಆಕಿ ಕೈಗೆ ಹುಳಾ ಬೀಳಲಿ. ನೀ ಕಲ್ತಾಕಿ ಅದಿ, ಯಾರಂತ ಮೊಬೈಲ್‌ನ್ಯಾಗ ತಗದ ಹೇಳು."

ಅಷ್ಟರಲ್ಲಿ ಮಂಜುಳಾಳ ಮೊಬೈಲು ಟಿಣ್ ಎಂದಿತು. 'ಅಭಿನಂದನೆ. ನಿಮ್ಮ ಅಭಿಪ್ರಾಯ ನಾನೂರ ಹನ್ನೆರಡು ಜನರಿಗೆ ನೆರವಾಗಿದೆ.'

"ಏನಂತೈತಿ?"

"ಕರೆನ್ಸಿ ಮುಗದೈತಂತ್ರಿ ಅತ್ತಿ."

ತುಂಬಿದ ಚರಿಗೆಗಳನ್ನು ಹಾಗೆಯೇ ಹಿಡಿದು ಎಲ್ಲರೂ ಊರ ಕಡೆ ನಡೆದರು. ಮಂಜುಳಾ ಎಲ್ಲರಿಗಿಂತ ಹಿಂದೆ ಉಳಿದಳು. ನಾನೂರ ಹನ್ನೆರಡು ಜನರಿಗೆ ಹೇಳಿಯಾಗಿತ್ತು. ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.