ಸಂಪಿಗೆ ಬತ್ತಿಯ ಕಟ್ಟು

“ವಾಸನೆ ಹೋಗಿ ಎಷ್ಟು ವರ್ಷ ಆಯ್ತು ಯಜಮಾನ್ರೇ?” ವೈದ್ಯರು ಕೇಳಿದರು.

ಊದುಬತ್ತಿ ಮಾಡುವ ಮುದುಕ ನಡುಗುವ ಕೈಯನ್ನು ತೊಡೆಯಡಿ ಒತ್ತಿಕೊಂಡು, ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ನೋಡಿದ. “ಕೈ ನಡುಗೋಕೆ ಎಷ್ಟೋ ವರ್ಷ ಮುಂಚೆನೇ ಹೋಯ್ತು ಸಾರ್. ಇವಳನ್ನ ಬಿಟ್ರೆ ಯಾರಿಗೂ ಹೇಳ್ಲಿಲ್ಲ. ನಾನು ಸುಮ್ನೆ ಮೂಸಿದ ಹಾಗೆ ಮಾಡ್ತಿದ್ದೆ, ಪರಿಮಳ ಇವಳೇ ಬೆರೆಸ್ತಿದ್ಲು.”

“ಈ ನಡುಕದ ಕಾಯಿಲೆ, ಪಾರ್ಕಿನ್ಸನ್, ಹಾಗೇ ಬರುತ್ತೆ. ಮಿದುಳಲ್ಲಿ ಕಾವಲು ಕಾಯೋ ಜೀವಕೋಶಗಳಿವೆ. ಅವು ಒಂದ್ಸಲ ಕೆರಳಿದ್ರೆ ಕಳ್ಳ ಯಾರು, ಮನೆಯವರು ಯಾರು ಅಂತ ನೋಡಲ್ಲ. ಒಳಗೇ ಉರಿ ಹಚ್ತವೆ. ಎಷ್ಟೋ ಜನಕ್ಕೆ ಮೊದಲು ಹೋಗೋದು ವಾಸನೆ.”

“ಗೊತ್ತೇ ಆಗಲ್ವಾ?” ಹೆಂಡತಿ ಕೇಳಿದಳು.

“ಇಲ್ಲಮ್ಮ. ಬಾಗಿಲು ಮುರಿಯೋ ಸದ್ದೇ ಇರಲ್ಲ.”

ಹೊರಡುವಾಗ ಅವಳು ಚೀಲದಿಂದ ಒಂದು ಕಟ್ಟು ಊದುಬತ್ತಿ ತೆಗೆದು ಕೊಟ್ಟಳು. ವೈದ್ಯರು ಮೂಗಿಗೆ ಹಿಡಿದು ನಕ್ಕರು. “ಇದು ಇನ್ನೂ ಪರಿಮಳ ಹಾಕದೇ ಇರೋ ಕಚ್ಚಾ ಬತ್ತಿ ಅಲ್ವಾ?”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. “ಅಬ್ಬಾ, ಸಂಪಿಗೆ! ಹೊರಗಿನ ತನಕ ಘಮ್ ಅಂತಿದೆ ಸಾರ್.”

ವೈದ್ಯರು ಕಟ್ಟನ್ನು ಮತ್ತೆ ಮೂಗಿಗೆ ಹಿಡಿದರು. ಇನ್ನೊಮ್ಮೆ ಹಿಡಿದರು. ಮುದುಕ ನಡುಗುವ ಕೈಯಿಂದಲೇ ಅವರ ಕೈ ಹಿಡಿದುಕೊಂಡ.

“ಎಷ್ಟು ವರ್ಷ ಆಯ್ತು ಸಾರ್?”