ಏಳು ಸೆಕೆಂಡ್ ಕೇಳಿದ ಮೆಸೇಜು

ಆಷಾಢದ ಭಾನುವಾರ, ಬೆಳಿಗ್ಗೆ ಏಳು ಗಂಟೆ... ಗಾಳಿಪಟದ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು.

ಕಳಿಸಿದವರು ಮುನಿಯಲ್ಲಪ್ಪ. ಎಪ್ಪತ್ತು ದಾಟಿದ ನೇಕಾರ. ಟೈಪ್ ಮಾಡಲು ಬಾರದು, ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸುವವರು. ಪ್ರತಿ ಆಷಾಢದಲ್ಲಿ ಊರಾಚೆಯ ಬಯಲಿನಲ್ಲಿ ಪಟ ಹಾರಿಸಲು ಸೇರುವ ಮೂವತ್ತು ಜನಕ್ಕೆ ಅವರೇ ಹಿರಿಯರು.

"ಎಲ್ರಿಗೂ ನಮಸ್ಕಾರ... ಇವತ್ತು ಪಟ ಬೇಡ. ಗಾಳಿ ಸರಿಯಿಲ್ಲ, ಮುಂದಕ್ಕೆ ಹಾಕಿದೀನಿ..."

ಏಳು ಸೆಕೆಂಡ್. ಅಷ್ಟು ಕೇಳಿದ್ದೇ ನಾಗಭೂಷಣ ಮೊಬೈಲನ್ನು ಮಂಚದ ಮೇಲೆ ಬಿಸಾಡಿದ.

ಅವನದು ಹಾರ್ಡ್‌ವೇರ್ ಅಂಗಡಿ. ಮಗಳು ಇಂಚರಳಿಗೆ ಹನ್ನೊಂದು ವರ್ಷ. ಅವಳಿಗೆ ಕೊಟ್ಟ ಮಾತುಗಳಲ್ಲಿ ಅವನು ಉಳಿಸಿಕೊಂಡದ್ದು ಕಡಿಮೆ... ಸ್ಕೂಲ್ ಡೇಗೆ ಅವನು ತಲುಪುವಷ್ಟರಲ್ಲಿ ಕುರ್ಚಿಗಳನ್ನು ಎತ್ತಿಡುತ್ತಿದ್ದರು.

ಈ ಸಲ ಮಾತ್ರ ಹದಿನೈದು ದಿನ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಅಪ್ಪ ಮಗಳು ಸೇರಿ ಬಿದಿರು ಸೀಳಿ, ಮೈದಾ ಅಂಟು ಕಾಯಿಸಿ, ಎಂಟಡಿಯ ಪಟ ಕಟ್ಟಿದ್ದರು.

ನಾಳೆ ಅವಳು ದೂರದ ವಸತಿ ಶಾಲೆಗೆ ಹೊರಡುತ್ತಿದ್ದಳು. ಮುಂದಕ್ಕೆ ಹಾಕಿದರೆ ಪಟ ಇರುತ್ತದೆ... ಮಗಳು ಇರುವುದಿಲ್ಲ.

ಬೈಕ್ ಹತ್ತಿ ನೇರ ಮುನಿಯಲ್ಲಪ್ಪನ ಮನೆಗೆ ನುಗ್ಗಿದ.

ಮನೆ ಮುಂದೆ ಬಿದಿರು ಕೋಲಿಗೆ ಒಂದು ಬಟ್ಟೆ ಚೂರು ಕಟ್ಟಿತ್ತು. ಪಟದ ದಿನ ಮುಂಜಾನೆ ಅದನ್ನು ನೋಡಿಯೇ ಮುದುಕ ತೀರ್ಮಾನ ಹೇಳುವುದು ವಾಡಿಕೆ. ಇವತ್ತು ಅದು ಒಂದು ಗಳಿಗೆ ಸತ್ತಂತೆ ಜೋತುಬೀಳುತ್ತಿತ್ತು, ಮರುಗಳಿಗೆ ಕಿತ್ತುಹೋಗುವಂತೆ ಬಡಿದಾಡುತ್ತಿತ್ತು.

"ಏನ್ ತಾತ, ವಯಸ್ಸಾದ್ಮೇಲೆ ಗಾಳಿ ಕಂಡ್ರೂ ಭಯಾನಾ?"

"ಕಳ್ಳಗಾಳಿ ಕಣಪ್ಪ ಇದು. ಇಲ್ಲ ಅನ್ನೋ ಹಂಗಿರ್ತದೆ, ಇದ್ದಕ್ಕಿದ್ದಂಗೆ ಹಿಡ್ಕಂಡು ಎಳೀತದೆ."

"ಹೆದರ್ಕೊಂಡ್ ಮನೇಲಿ ಕೂತ್ಕೊಳ್ಳಿ! ನಾಳೆ ನನ್ ಮಗಳು ಹೋಗ್ತಾಳೆ, ಗೊತ್ತೇನ್ರೀ ನಿಮಗೆ?"

"ಅದನ್ನೇ ಹೇಳಿದೀನಲ್ಲಪ್ಪ ಮೊಬೈಲಲ್ಲಿ..." ಎನ್ನುತ್ತಾ ಮುದುಕ ಅವನ ತೋಳು ಹಿಡಿದರು.

ನಾಗಭೂಷಣ ಎರಡೂ ಕೈಯಿಂದ ನೂಕಿಬಿಟ್ಟ.

ಮುದುಕ ಪಕ್ಕಕ್ಕೆ ವಾಲಿ ಬಿದ್ದರು. ಜಗಲಿಯ ಕಲ್ಲಿನ ಅಂಚು ಹುಬ್ಬಿಗೆ ಬಡಿದು ರಕ್ತ ಚಿಮ್ಮಿತು. ಅವನು ನೋಡಿದ... ನೋಡಿಯೂ ಬೈಕ್ ತಿರುಗಿಸಿಕೊಂಡು ಹೊರಟ.

ಮನೆಗೆ ಹೋಗಿ, ಮಂಚದ ಮೇಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಪಟದೊಂದಿಗೆ ಮಗಳನ್ನು ಬಯಲಿಗೆ ಕರೆತಂದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಅಪ್ಪಾ, ಯಾರೂ ಬಂದಿಲ್ಲ..."

"ಬರದಿದ್ರೆ ಬಿಡಮ್ಮ. ಆಕಾಶ ಪೂರ್ತಿ ನಿಂದೇ."

ಪಟ ಕೈತಪ್ಪದಿರಲಿ ಎಂದು ಹುರಿಯ ತುದಿಯನ್ನು ಮಗಳ ಸೊಂಟಕ್ಕೆ ಬಿಗಿದ. ಅವನು ಚಿಕ್ಕವನಿದ್ದಾಗ ಅವನಪ್ಪನೂ ಹೀಗೇ ಕಟ್ಟುತ್ತಿದ್ದರು... ಆದರೆ ಅದು ಎರಡಡಿಯ ಪಟವಾಗಿತ್ತು.

ಪಟ ಏರಿತು. ಇಂಚರ ಕುಣಿದಳು. ಹುರಿ ಪೂರ್ತಿ ಬಿಚ್ಚಿಕೊಂಡಿತು.

ಆಗ ಗಾಳಿ ಎರಗಿತು.

ದೂರದ ಶೆಡ್ಡಿನ ತಗಡುಗಳು ಕಿತ್ತು ಹಾರಿದವು. ಕಣ್ಣು ಬಿಡಲಾಗದಷ್ಟು ಧೂಳು. ಎಂಟಡಿಯ ಪಟ ಹುಚ್ಚು ಹಿಡಿದ ಗೂಳಿಯಂತೆ ನುಗ್ಗಿತು... ಮಗಳು ನೆಲ ಬಿಟ್ಟು ಎದ್ದಳು, ದೊಪ್ಪನೆ ಬಿದ್ದಳು, ಪಟ ಅವಳನ್ನು ಕಲ್ಲು ಮುಳ್ಳುಗಳ ಮೇಲೆ ದರದರ ಎಳೆದುಕೊಂಡು ಹೋಯಿತು.

"ಅಪ್ಪಾ!"

ಓಡಿ ಹುರಿ ಹಿಡಿದ. ಅದು ಅಂಗೈಯ ಚರ್ಮವನ್ನೇ ಸುಲಿದುಕೊಂಡು ಜಾರಿತು. ಮತ್ತೆ ಹಿಡಿದ. ರಕ್ತಕ್ಕೆ ಮತ್ತೆ ಜಾರಿತು. ಮುಂದೆ, ಮೂವತ್ತು ಹೆಜ್ಜೆಯಾಚೆ ಕಲ್ಲುಕ್ವಾರಿಯ ಗುಂಡಿ ಬಾಯಿ ತೆರೆದಿತ್ತು...

ಧೂಳಿನೊಳಗಿಂದ ಯಾರೋ ಅಡ್ಡ ಬಂದು ಹುರಿಯ ಮೇಲೆ ಬಿದ್ದರು. ಕುಡುಗೋಲು ಒಮ್ಮೆ ಬೀಸಿತು.

ಹುರಿ ತುಂಡಾಯಿತು. ಪಟ ಕ್ವಾರಿಯ ಬಂಡೆಗೆ ಅಪ್ಪಳಿಸಿ ಚೂರುಚೂರಾಯಿತು.

ಮುನಿಯಲ್ಲಪ್ಪ! ಹುಬ್ಬಿನ ರಕ್ತ ಗಡ್ಡದವರೆಗೆ ಇಳಿದಿತ್ತು. ನೂಕಿಸಿಕೊಂಡ ಜಾಗದಿಂದ ಎದ್ದು, ಕುಡುಗೋಲು ಹುಡುಕಿಕೊಂಡು, ಬಯಲಿನವರೆಗೂ ಓಡಿಬಂದಿದ್ದರು.

ಇಂಚರಳ ಮೊಣಕಾಲು ಮೊಣಕೈ ತರಚಿ, ಸೊಂಟದ ಸುತ್ತ ಹುರಿಯ ಕೆಂಪು ಬರೆ ಎದ್ದಿತ್ತು. ಜೀವ ಮಾತ್ರ ಉಳಿದಿತ್ತು.

ಏದುಸಿರಿನ ನಡುವೆ ಮುದುಕ ಕೇಳಿದ್ದು ಒಂದೇ...

"ನನ್ ಮೆಸೇಜ್ ಪೂರ್ತಿ ಕೇಳಿದ್ಯೇನಪ್ಪ?"

ನಾಗಭೂಷಣ ರಕ್ತ ಹತ್ತಿದ ಬೆರಳಿನಿಂದ ಮೊಬೈಲ್ ಒತ್ತಿದ. ನಲವತ್ತಾರು ಸೆಕೆಂಡಿನ ಮೆಸೇಜ್.

"...ಮುಂದಕ್ಕೆ ಹಾಕಿದೀನಿ. ಮುಂದಿನ ಭಾನುವಾರಕ್ಕಲ್ಲ. ನಮ್ ನಾಗಭೂಷಣನ ಮಗು ನಾಳೆ ಹಾಸ್ಟೆಲ್ಲಿಗೆ ಹೋಗ್ತದೆ. ಗಣೇಶನ ಹಬ್ಬಕ್ಕೆ ರಜಾ ಕೊಡ್ತಾರಂತೆ, ವಿಚಾರಿಸಿದೀನಿ. ಅವತ್ತೇ ಸೇರೋಣ. ಆಷಾಢ ಕಳೆದ್ಮೇಲೆ ಪಟ ಹಾರಿಸ್ಬಾರ್ದು ಅಂತ ನಲವತ್ತು ವರ್ಷದಿಂದ ನಾನೇ ಜಗಳ ಆಡ್ಕಂಡ್ ಬಂದಿದೀನಿ... ಈ ವರ್ಷ ನಾನೇ ಮುರೀತೀನಿ. ನಗೋರು ನನ್ನ ನೋಡಿ ನಗ್ಲಿ. ಮೊದಲನೇ ಪಟ ಆ ಮಗೂದು."

ಅದರ ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿ ಒಪ್ಪಿಗೆ ಹಾಕಿದ್ದರು. ಅವನೊಬ್ಬನನ್ನು ಬಿಟ್ಟು...

ನಾಗಭೂಷಣ ಮಂಡಿಯೂರಿ ಕೈ ಮುಗಿದ. ಸುಲಿದ ಅಂಗೈಗಳು ಒಂದಕ್ಕೊಂದು ತಾಗಿ ಉರಿ ನೆತ್ತಿಗೇರಿತು. ಆದರೂ ಬಿಡಿಸಲಿಲ್ಲ. ಅದೇ ಕೈಗಳಲ್ಲವೇ ನೂಕಿದ್ದು?

"ಏಳಪ್ಪ, ಮೊದ್ಲು ಮಗೂನ ಆಸ್ಪತ್ರೆಗೆ ಕರ್ಕಂಡ್ ಹೋಗು," ಎಂದರು ಮುದುಕ. ಆಮೇಲೆ ಇಂಚರಳ ತಲೆ ಸವರಿ, "ಹಬ್ಬಕ್ಕೆ ಎರಡಡಿ ಪಟ ಸಾಕಲ್ವೇನವ್ವ?"

ಅವಳು ಅಳುತ್ತಲೇ ಕೇಳಿದಳು...

"ಎಷ್ಟಡಿ ಆದ್ರೂ ಪರ್ವಾಗಿಲ್ಲ ತಾತ. ಪಟ ಕಟ್ಟೋಕೆ ಅಪ್ಪ ಮತ್ತೆ ಅಂಗಡಿ ಬೇಗ ಮುಚ್ತಾರಾ?"

ನಾಗಭೂಷಣನಿಗೆ ದುಃಖ ಒತ್ತರಿಸಿ ಬಂತು. ಅವಳಿಗೆ ಬೇಕಾಗಿದ್ದ ಹದಿನೈದು ದಿನಗಳನ್ನು ಅವನು ಆಗಲೇ ಕೊಟ್ಟಾಗಿತ್ತು... ಅದು ಅವನಿಗೇ ಗೊತ್ತಿರಲಿಲ್ಲ.

ಕೋಪಕ್ಕೆ ಏಳು ಸೆಕೆಂಡ್ ಸಾಕು... ಪ್ರೀತಿ ಇರುವುದು ಕೇಳದೆ ಬಿಟ್ಟ ಉಳಿದ ಮೂವತ್ತೊಂಬತ್ತು ಸೆಕೆಂಡಿನಲ್ಲಿ.

ಇವತ್ತು ನೀವು ಯಾರ ಮಾತನ್ನು ಅರ್ಧಕ್ಕೇ ನಿಲ್ಲಿಸಿದಿರಿ?