ಹಸಿರು ದಾರದ ಜೇಬು

"ಕೋಟಿನ ಒಳಗಡೆ, ಕೈಯಲ್ಲಿ ಹೊಲಿದ ಒಂದು ಕಳ್ಳಜೇಬು. ಹಸಿರು ದಾರ."

ಇನ್‌ಸ್ಪೆಕ್ಟರು ಏಳನೇ ಕಡತದಿಂದ ಇಷ್ಟು ಓದಿದ್ದೇ ತಡ, ಮೇಜಿನ ತುದಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಪೆನ್ನು ನಿಂತಿತು. ಎಡಗೈ ತಾನಾಗಿಯೇ ಮಡಿಲಲ್ಲಿದ್ದ ಹಳೇ ಬಟ್ಟೆಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿತು.

ಬೀದಿಯಲ್ಲಿ ಮಲಗಿ ಬೀದಿಯಲ್ಲೇ ಸತ್ತವರ ಸಾವನ್ನು ಪರಿಶೀಲಿಸುವ ಸಭೆ ಅದು. ಆಸ್ಪತ್ರೆಯವರು, ಪೊಲೀಸರು, ಆಶ್ರಯಮನೆಯವರು ತಿಂಗಳಿಗೊಮ್ಮೆ ಸೇರಿ, ತಮ್ಮತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದ ಗುಟ್ಟುಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದರು. ಸತ್ತವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಬಾಗಿಲು ಹಾಕುವ ಮುಂಚೆ ಎಲ್ಲರೂ ಒಂದು ಕಾಗದಕ್ಕೆ ಸಹಿ ಮಾಡಬೇಕು: ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು, ಸತ್ತವರ ವಿಷಯ ಮುಚ್ಚಿಡುವಂತಿಲ್ಲ, ಬದುಕಿರುವವರ ವಿಷಯ ಬಾಯಿಬಿಡುವಂತಿಲ್ಲ. ಆ ಕಾಗದವನ್ನು ಟೈಪು ಮಾಡಿದವಳೂ ಅವಳೇ.

ಅವಳಿಗೊಬ್ಬ ಅಣ್ಣನಿದ್ದ. ದರ್ಜಿ. ಕೈಯಲ್ಲಿ ಚಿನ್ನ, ಬಾಯಲ್ಲಿ ಹೆಂಡ. ಬಟ್ಟೆ ಯಾವುದೇ ಇರಲಿ, ಕಳ್ಳಜೇಬನ್ನು ಮಾತ್ರ ಹಸಿರು ದಾರದಲ್ಲೇ ಹೊಲಿಯುತ್ತಿದ್ದ. "ಹೊರಗಡೆ ಗಿರಾಕಿ ಹೇಳಿದ ಬಣ್ಣ, ಒಳಗಡೆ ನನ್ನ ಬಣ್ಣ" ಎಂಬುದು ಅವನ ಗತ್ತು. ಹನ್ನೊಂದು ವರ್ಷದ ಹಿಂದೆ ಅವನ ಕೈಯಿಂದ ಮನೆಯ ಬೀಗದಕೈ ಕಸಿದುಕೊಂಡು, "ಇನ್ನು ಈ ಹೊಸ್ತಿಲು ತುಳೀಬೇಡ" ಎಂದವಳು ಇವಳು. ಮಾತು ಆಡಿದರೆ ಹೋಯಿತು. ಆಮೇಲೆ ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಒಡಹುಟ್ಟಿದವರು ಎಷ್ಟು ಜನ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ "ನಾನೊಬ್ಬಳೇ" ಎನ್ನುತ್ತಿದ್ದಳು. ಆದರೆ ಪ್ರತಿ ತಿಂಗಳೂ ಜೀವ ಕೈಯಲ್ಲಿ ಹಿಡಿದುಕೊಂಡೇ ಈ ಕೋಣೆಗೆ ಬರುತ್ತಿದ್ದಳು.

"ವಯಸ್ಸು ಐವತ್ತರ ಆಸುಪಾಸು," ಇನ್‌ಸ್ಪೆಕ್ಟರು ಮುಂದುವರಿಸಿದರು. "ಬಸ್ ನಿಲ್ದಾಣದ ಹಿಂದಿನ ಬೆಂಚಿನ ಮೇಲೆ ಹೆಣ ಸಿಕ್ತು."

"ನಾಲ್ಕು ದಿನ ನಮ್ಮ ವಾರ್ಡಿನಲ್ಲಿದ್ರು," ಆಸ್ಪತ್ರೆಯ ಡಾಕ್ಟರು ಹೇಳಿದರು. "ಜ್ವರ ಇಳಿದ ಮೇಲೆ ಕಳಿಸಿದ್ವಿ. ರೋಗಿಯ ವಿಷಯ ಗುಟ್ಟಲ್ವಾ, ಅದಕ್ಕೇ ಯಾರಿಗೂ ತಿಳಿಸಲಿಲ್ಲ."

ಆಶ್ರಯಮನೆಯ ಮುದುಕ ಮೇಜು ಗುದ್ದಿದ. "ಒಂದೇ ಒಂದು ಫೋನು ಮಾಡಿದ್ರೆ ಹಾಸಿಗೆ ಹಾಸಿಡ್ತಿದ್ದೆನಲ್ಲ ಡಾಕ್ಟ್ರೇ! ಅವತ್ತು ನಮ್ಮಲ್ಲಿ ನಾಲ್ಕು ಮಂಚ ಖಾಲಿ ಇತ್ತು!"

ಅಧ್ಯಕ್ಷರು ಮೆಲ್ಲಗೆ, "ಬರ್ಕೊಳ್ಳಮ್ಮ" ಎಂದರು.

"ಸರ್... ಆ ಜೇಬನ್ನ ಹೊಲಿದದ್ದು ಅವರೇನಾ?"

ಎಲ್ಲರೂ ತಿರುಗಿ ನೋಡಿದರು. ಆರು ವರ್ಷದಲ್ಲಿ ಗುಮಾಸ್ತೆ ಆ ಮೇಜಿನಲ್ಲಿ ಮಾತಾಡಿದ್ದು ಅದೇ ಮೊದಲು. ಗೋಡೆಗೆ ಕಿವಿ ಇರುತ್ತದೆಂದು ಅವರಿಗೆಲ್ಲ ಗೊತ್ತಿತ್ತು; ಬಾಯಿಯೂ ಇದೆಯೆಂದು ಗೊತ್ತಿರಲಿಲ್ಲ.

ಉತ್ತರ ಬಂದದ್ದು ನರ್ಸಿನಿಂದ. ಗಾಡಿಯಲ್ಲಿ ಬೀದಿಬೀದಿ ಸುತ್ತಿ ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಕೆಲಸ. "ಎಲ್ಲಿಯ ಮಾತು! ಆತನ ಕೈ ಒಂದೇ ಸಮ ನಡುಗ್ತಿತ್ತು, ಮಾತ್ರೆ ಕೂಡ ನಾನೇ ಬಾಯಿಗೆ ಹಾಕ್ಬೇಕಿತ್ತು. ಇನ್ನು ಸೂಜಿಗೆ ದಾರ ಪೋಣಿಸೋದುಂಟಾ? ಅದನ್ನ ಹೊಲಿದುಕೊಟ್ಟಿದ್ದು ಇನ್ನೊಬ್ಬರು. ಸೇತುವೆ ಕೆಳಗೆ ಮಲಗೋರಿಗೆಲ್ಲ ಅವರೇ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಯಾರಮ್ಮ ಅದು?" ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು.

"ಹೇಳೋ ಹಾಗಿಲ್ಲ ಸರ್."

"ಯಾಕೆ?"

"ಅವರು ಬದುಕಿದ್ದಾರೆ."

ಗುಮಾಸ್ತೆಗೆ ಹೋದ ಜೀವ ಬಂದಂತಾಯಿತು. ಕೆಳಗೆ ಬಿದ್ದ ಪೆನ್ನು ಹುಡುಕುವವಳಂತೆ ಮೇಜಿನಡಿಗೆ ಬಗ್ಗಿ, ಎಲ್ಲರ ಚಪ್ಪಲಿ ಬೂಟುಗಳ ನಡುವೆ ಒಂದು ಗಳಿಗೆ ಅತ್ತಳು, ಒಂದು ಗಳಿಗೆ ನಕ್ಕಳು. ಬೆಂಚಿನ ಮೇಲೆ ಸತ್ತವನೂ ಯಾರಿಗೋ ಅಣ್ಣನೇ ಎಂದು ನೆನಪಾಗಿ ನಾಚಿಕೆಯಾಯಿತು. ಆದರೂ ಸಂತೋಷ ನಾಚಿಕೆಯ ಮಾತು ಕೇಳಲಿಲ್ಲ. ಮೇಲೆದ್ದು ಕೂತು, ಮುದುಕನ ಮಾತನ್ನು ಎಂದಿನಂತೆ ಮೆತ್ತಗೆ ಮಾಡದೆ, ಒಂದು ಫೋನು ಮತ್ತು ನಾಲ್ಕು ಖಾಲಿ ಮಂಚ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಸತ್ತವನಿಗೆ ಅವಳಿಂದ ಸಲ್ಲಬಹುದಾಗಿದ್ದು ಅಷ್ಟೇ.

ಸಭೆ ಮುಗಿದ ಮೇಲೆ, ನರ್ಸು ಮೆಟ್ಟಿಲಿಳಿಯುವ ಮೊದಲೇ ಓಡಿಹೋಗಿ ತಡೆದಳು. ಪರ್ಸು, ಛತ್ರಿ, ಊಟದ ಡಬ್ಬಿ ಎಲ್ಲವನ್ನೂ ತನ್ನ ಮೇಜಿನ ಮೇಲೆ ಸುರಿದು ಬಂದಿದ್ದಳು. ಕೈಯಲ್ಲಿ ಬರೀ ಚೀಲ.

"ಅಕ್ಕಾ, ನಾನೇನೂ ಕೇಳಲ್ಲ, ನೀವೇನೂ ಹೇಳ್ಬೇಡಿ. ಇದರ ಒಳಜೇಬಿನ ಹೊಲಿಗೆ ಬಿಟ್ಟಿದೆ. ಬೇರೆ ಯಾವ ದರ್ಜಿಗೂ ಕೊಡೋಕೆ ಮನಸ್ಸು ಬಂದಿಲ್ಲ."

ನರ್ಸು ಚೀಲದ ಬಾಯಿ ಅಗಲಿಸಿ ನೋಡಿದಳು. ಅರ್ಧ ಕಿತ್ತ ಕಳ್ಳಜೇಬು, ಉಳಿದರ್ಧ ಹಸಿರು ದಾರ. ಗುಮಾಸ್ತೆಯ ಮುಖ ನೋಡಿದಳು.

"ಮಂಗಳವಾರ ಗಾಡಿ ಆ ಕಡೆ ಹೋಗುತ್ತೆ," ಎಂದಳು. "ಯಾರ ಚೀಲ ಅಂತ ಹೇಳ್ಲಿ?"

"ಹೊಲಿಗೆ ನೋಡಿದ್ರೆ ಗೊತ್ತಾಗುತ್ತೆ."

ಚೀಲ ಮಡಚುವಾಗ ಒಳಗೇನೋ ಗಟ್ಟಿಯಾಗಿ ಕೈಗೆ ತಗುಲಿತು. ನರ್ಸು ಹೊರತೆಗೆದಳು.

"ಅಯ್ಯೋ, ಮನೆ ಬೀಗದಕೈ ಇಲ್ಲೇ ಮರೆತಿದ್ದೀರಲ್ಲ!"

"ಮರೆತಿಲ್ಲ ಅಕ್ಕ," ಎಂದಳು ಗುಮಾಸ್ತೆ. "ಅದು ಅವನದೇ."